ಅಮೆರಿಕದಲ್ಲಿ ಜಡ್ಜ್ ಆಗಬೇಕೆ? ಯಾವ ಕೋರ್ಟು ನಿಮಗೆ ಹೊಂದುತ್ತದೆ, ನೋಡಿ

ಅಮೆರಿಕದಲ್ಲಿ ಲಾ ಓದುತ್ತಿರುವ, ಅಥವಾ ಆಗಲೇ ನಾಲ್ಕಾರು ವರ್ಷ ವಕೀಲಿಕೆ ಮಾಡಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಜಡ್ಜ್ ಆಗುವ ಆಸೆ ಇರುತ್ತದೆ. ಅದನ್ನು ಮನೆಯಲ್ಲಿ ಹೇಳಿದರೆ ಅಪ್ಪ ಅಮ್ಮನ ಕಣ್ಣ ಮುಂದೆ ಬರುವುದು ಊರಿನ ದಾರಿ. ಒಂದಷ್ಟು ವರ್ಷ ವಕೀಲಿಕೆ, ಸಿವಿಲ್ ಜಡ್ಜ್ ಪರೀಕ್ಷೆ, ಆಮೇಲೆ ಊರಿಂದೂರಿಗೆ ವರ್ಗಾವಣೆ, ನಡುವೆ ಬಡ್ತಿ, 60ಕ್ಕೆ ನಿವೃತ್ತಿ. ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿನಲ್ಲಿ ಇದ್ಯಾವುದೂ ಇಲ್ಲ. ಪರೀಕ್ಷೆ ಇಲ್ಲ, ವರ್ಗಾವಣೆ ಇಲ್ಲ, ಬಡ್ತಿಯ ಸರದಿ ಇಲ್ಲ. ಡಿಸ್ಟ್ರಿಕ್ಟ್ ಜಡ್ಜ್‌ಗಳಿಗೆ ನಿವೃತ್ತಿ ವಯಸ್ಸೂ ಇಲ್ಲ.

ಹಾಗಾಗಿ "ಜಡ್ಜ್ ಆಗಬೇಕು" ಅಂದುಕೊಂಡರೆ ಸಾಲದು. ಯಾವ ಕೋರ್ಟಿನಲ್ಲಿ ಅನ್ನುವುದನ್ನೂ ಬೇಗ ಯೋಚಿಸಬೇಕು. ಇಲ್ಲಿ ನಾನು ಮುಖ್ಯವಾಗಿ ನಾಲ್ಕು ಹುದ್ದೆಗಳನ್ನು ಹೋಲಿಸುತ್ತೇನೆ: ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್, ಮ್ಯಾಜಿಸ್ಟ್ರೇಟ್ ಜಡ್ಜ್, ಬ್ಯಾಂಕ್ರಪ್ಸಿ (ದಿವಾಳಿ ಕೇಸುಗಳ) ಜಡ್ಜ್ ಮತ್ತು ರಾಜ್ಯದ ಟ್ರಯಲ್ ಜಡ್ಜ್. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುದ್ದೆಯ ಗೌರವ ನೋಡಿ ಆರಿಸಿದವರು ಜಾಸ್ತಿ ಕಾದು, ಜಾಸ್ತಿ ನೊಂದುಕೊಳ್ಳುತ್ತಾರೆ. ಬೆಳಗ್ಗೆ ಎದ್ದು ಕೋರ್ಟಿಗೆ ಹೋದರೆ ಸಂಜೆಯವರೆಗೆ ಮಾಡುವ ಕೆಲಸ ಏನು ಅನ್ನುವುದನ್ನು ನೋಡಿ ಆರಿಸಿ.

ಡಿಸ್ಟ್ರಿಕ್ಟ್ ಜಡ್ಜ್: ದೊಡ್ಡ ಅಧಿಕಾರ, ನಿಮ್ಮ ಕೈಯಲ್ಲಿಲ್ಲದ ದಾರಿ

ಫೆಡರಲ್ ಟ್ರಯಲ್ ಜಡ್ಜ್ ಅಂದರೆ ಎಲ್ಲರೂ ನೆನೆಯುವುದು ಇವರನ್ನೇ. ದೇಶದಲ್ಲಿ 94 ಡಿಸ್ಟ್ರಿಕ್ಟ್‌ಗಳಿವೆ, 670ಕ್ಕೂ ಸ್ವಲ್ಪ ಹೆಚ್ಚು ಹುದ್ದೆಗಳಿವೆ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಒಮ್ಮೆ ಕುಳಿತರೆ ಜೀವನಪರ್ಯಂತ. ತೀರ್ಪು ಇಷ್ಟವಾಗಲಿಲ್ಲ ಅಂತ ಸಂಬಳ ಕಡಿಮೆ ಮಾಡಲು ಸಂಸತ್ತಿಗೂ ಅಧಿಕಾರವಿಲ್ಲ. ತೆಗೆಯಬೇಕೆಂದರೆ ಮಹಾಭಿಯೋಗವೇ ಆಗಬೇಕು. ಅಮೆರಿಕದ ಇಡೀ ಇತಿಹಾಸದಲ್ಲಿ ಹಾಗೆ ಸೆನೆಟ್ ಹೊರಹಾಕಿದ್ದು ಎಂಟೇ ಜಡ್ಜ್‌ಗಳನ್ನು.

ಕೆಲಸ ಎರಡು ಭಾಗ. ಸಿವಿಲ್ ಕಡೆ ಹೆಚ್ಚು ಹೊತ್ತು ಓದುವುದು, ಬರೆಯುವುದು. ಕೇಸು ಮುಂದುವರಿಯಬೇಕೋ, ಇಲ್ಲೇ ಮುಗಿಯಬೇಕೋ ಅಂತ ಎರಡೂ ಕಡೆಯವರು ಅರ್ಜಿ ಹಾಕುತ್ತಾರೆ. ಇಬ್ಬರು ಮೂವರು ಲಾ ಕ್ಲರ್ಕ್‌ಗಳ (ಜಡ್ಜ್‌ಗೆ ನೆರವಾಗುವ, ಲಾ ಓದಿದ ಸಹಾಯಕರ) ಜೊತೆ ಕೂತು ಆದೇಶ ಬರೆಯಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಅರ್ಜಿ ಬಾಕಿ ಉಳಿದರೆ, ಆ ಪಟ್ಟಿ ಜಡ್ಜ್ ಹೆಸರಿನ ಸಮೇತ ಪ್ರಕಟವಾಗುತ್ತದೆ. 1990ರ ಕಾನೂನು ಅದು. ಮಾರ್ಚ್ 31 ಮತ್ತು ಸೆಪ್ಟೆಂಬರ್ 30ರ ಲೆಕ್ಕಕ್ಕೆ ಪಟ್ಟಿ ಸಿದ್ಧವಾಗುತ್ತದೆ. ಹಾಗಾಗಿ ಆ ಎರಡು ತಿಂಗಳಲ್ಲಿ ಚೇಂಬರಿನಲ್ಲಿ ದೀಪ ಆರುವುದು ತಡ.

ಕ್ರಿಮಿನಲ್ ಕಡೆಯ ಸತ್ಯ ಬೇರೆ. ಟಿವಿಯಲ್ಲಿ ಕಾಣುವ ಜೂರಿ ವಿಚಾರಣೆ ಈಗ ಅಪರೂಪ. ಶಿಕ್ಷೆಯಾಗುವ ಫೆಡರಲ್ ಆರೋಪಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ತಪ್ಪೊಪ್ಪಿಕೊಂಡವರು. ಆದ್ದರಿಂದ ಡಿಸ್ಟ್ರಿಕ್ಟ್ ಜಡ್ಜ್‌ನ ಕ್ರಿಮಿನಲ್ ಕೆಲಸದ ತಿರುಳು ಅಂದರೆ ಶಿಕ್ಷೆ ಎಷ್ಟು ಅಂತ ಹೇಳುವುದು.

ಇದನ್ನು ಹತ್ತಿರದಿಂದ ನೋಡಲೇಬೇಕು. ತಪ್ಪೊಪ್ಪಿಗೆಯಾದ ಮೇಲೆ ಪ್ರೊಬೇಷನ್ ಅಧಿಕಾರಿ ಒಂದು ವರದಿ ಬರೆಯುತ್ತಾರೆ. ಆರೋಪಿ ಎಲ್ಲಿ ಬೆಳೆದ, ಮನೆಯಲ್ಲಿ ಏನಿತ್ತು, ಶಾಲೆ ಎಲ್ಲಿಗೆ ನಿಂತಿತು, ಕುಡಿತ, ಕಾಯಿಲೆ, ಹಿಂದಿನ ಕೇಸುಗಳು, ಎಲ್ಲವೂ ಅದರಲ್ಲಿರುತ್ತವೆ. 1987ರಲ್ಲಿ ಜಾರಿಗೆ ಬಂದ ಶಿಕ್ಷೆಯ ಕೋಷ್ಟಕ ಇದೆ. ಒಂದು ಬದಿಗೆ ಅಪರಾಧದ 43 ಮಟ್ಟ, ಇನ್ನೊಂದು ಬದಿಗೆ ಹಿಂದಿನ ದಾಖಲೆಯ 6 ವರ್ಗ. ಎರಡೂ ಸೇರುವ ಮನೆಯಲ್ಲಿ ಇಷ್ಟರಿಂದ ಇಷ್ಟು ತಿಂಗಳು ಅಂತ ಬರೆದಿರುತ್ತದೆ. ಮೊದಲು ಜಡ್ಜ್ ಅದನ್ನು ಮೀರುವ ಹಾಗಿರಲಿಲ್ಲ. 2005ರಲ್ಲಿ ಬುಕರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಲಹೆಯ ಮಟ್ಟಕ್ಕೆ ಇಳಿಸಿತು. ಈಗ ಜಡ್ಜ್ ಲೆಕ್ಕ ಹಾಕಬೇಕು, ಆಮೇಲೆ ತನ್ನ ವಿವೇಚನೆ ಬಳಸಬೇಕು, ಕಾರಣ ಹೇಳಬೇಕು. ಕೆಲವು ಅಪರಾಧಗಳಲ್ಲಿ ಆ ವಿವೇಚನೆಯೂ ಕಮ್ಮಿ. ಐದು ಕಿಲೋ ಕೊಕೇನ್ ಕೇಸಿನಲ್ಲಿ ಕನಿಷ್ಠ ಹತ್ತು ವರ್ಷ ಅಂತ ಕಾನೂನೇ ಹೇಳುತ್ತದೆ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಜಡ್ಜ್ ಕೈಯಲ್ಲಿ ಏನೂ ಇಲ್ಲ. ಹೊಸ ಫೆಡರಲ್ ಶಿಕ್ಷೆಗಳಿಗೆ ಪೆರೋಲ್ ಕೂಡ ಇಲ್ಲ. ಅಂದರೆ ನೀವು ಹೇಳಿದ ವರ್ಷಗಳಲ್ಲಿ ಹೆಚ್ಚಿನ ಭಾಗವನ್ನು ಆತ ಜೈಲಿನಲ್ಲೇ ಕಳೆಯುತ್ತಾನೆ.

ಶಿಕ್ಷೆಯ ದಿನ ಆರೋಪಿಗೆ ಮಾತಾಡುವ ಹಕ್ಕಿದೆ. ಆತ ಎದ್ದು ನಿಲ್ಲುತ್ತಾನೆ, ಬರೆದುಕೊಂಡು ಬಂದ ಕಾಗದ ಬಿಚ್ಚುತ್ತಾನೆ. ಹಿಂದಿನ ಬೆಂಚಿನಲ್ಲಿ ಅವನ ತಾಯಿ, ಹೆಂಡತಿ, ಕೆಲವೊಮ್ಮೆ ಚಿಕ್ಕ ಮಗು. ಇನ್ನೊಂದು ಬದಿಗೆ ಅವನಿಂದ ಹಣ ಕಳೆದುಕೊಂಡವರು, ಅಥವಾ ಮಗನನ್ನು ಕಳೆದುಕೊಂಡವರು. ಇಬ್ಬರ ಮಾತನ್ನೂ ಕೇಳಿ, ಅವರ ಮುಖ ನೋಡಿಕೊಂಡೇ ನೀವು ತಿಂಗಳ ಸಂಖ್ಯೆ ಹೇಳಬೇಕು. ಮೇಲ್ಮನವಿ ಕೋರ್ಟಿನಲ್ಲಾದರೆ ಪಕ್ಕದಲ್ಲಿ ಇನ್ನಿಬ್ಬರು ಜಡ್ಜ್‌ಗಳಿರುತ್ತಾರೆ. ಇಲ್ಲಿ ನೀವೊಬ್ಬರೇ. ಈ ಕೆಲಸ ನನ್ನಿಂದಾಗುತ್ತದೆಯೇ ಅನ್ನುವುದೇ ಡಿಸ್ಟ್ರಿಕ್ಟ್ ಜಡ್ಜ್ ಆಗಬಯಸುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ. ಸಂಬಳ, ಗೌರವ, ಎಲ್ಲ ಆಮೇಲೆ.

ಇನ್ನು ದಾರಿ. ಸಂವಿಧಾನದಲ್ಲಿ ಅರ್ಹತೆ ಅಂತ ಏನೂ ಬರೆದಿಲ್ಲ. ವಯಸ್ಸಿಲ್ಲ, ಲಾ ಡಿಗ್ರಿಯೂ ಇಲ್ಲ. ಆದರೆ ಅಮೆರಿಕನ್ ಬಾರ್ ಅಸೋಸಿಯೇಷನ್ ಸಾಮಾನ್ಯವಾಗಿ ಹನ್ನೆರಡು ವರ್ಷದ ವಕೀಲಿಕೆಯನ್ನು ನಿರೀಕ್ಷಿಸುತ್ತದೆ. ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು ಒಪ್ಪದಿದ್ದರೆ ಹೆಸರು ಮುಂದೆ ಹೋಗುವುದಿಲ್ಲ. ಅವರು ಒಪ್ಪಿಗೆ ತಿಳಿಸುವ ನೀಲಿ ಚೀಟಿಯ ಪದ್ಧತಿ ಡಿಸ್ಟ್ರಿಕ್ಟ್ ಕೋರ್ಟಿಗೆ ಇನ್ನೂ ಉಳಿದಿದೆ. ಅದಾದ ಮೇಲೆ ಎಫ್‌ಬಿಐ ತನಿಖೆ, ಸೆನೆಟ್ ಸಮಿತಿಯ ಉದ್ದದ ಪ್ರಶ್ನಾವಳಿ, ಬಹಿರಂಗ ವಿಚಾರಣೆ, ಸಮಿತಿಯ ಮತ, ಕೊನೆಗೆ ಪೂರ್ತಿ ಸೆನೆಟ್ಟಿನ ಮತ. ಪ್ರಶ್ನಾವಳಿಯಲ್ಲಿ ನೀವು ಪ್ರಕಟಿಸಿದ ಬರಹ, ಮಾಡಿದ ಭಾಷಣ, ನಡೆಸಿದ ಮುಖ್ಯ ಕೇಸು ಎಲ್ಲವನ್ನೂ ಕೊಡಬೇಕು. ಆದ್ದರಿಂದ ಏನು ಬರೆದಿರಿ, ಎಲ್ಲಿ ಮಾತಾಡಿದಿರಿ ಅನ್ನುವುದನ್ನು ಈಗಿನಿಂದಲೇ ಒಂದು ಕಡೆ ಜೋಡಿಸಿಡಿ.

ಈ ದಾರಿಯಲ್ಲಿ ರಾಜಕೀಯ ಎಷ್ಟು ಅಂತ ತಿಳಿಯಲು ಎರಡು ಹೆಸರು ಸಾಕು. ಇಂದಿರಾ ತಲ್ವಾನಿ ಕಾರ್ಮಿಕರ ಪರವಾಗಿ ವಾದಿಸುತ್ತಿದ್ದ ವಕೀಲೆ. 2014ರಲ್ಲಿ ಮ್ಯಾಸಚೂಸೆಟ್ಸ್‌ನ ಡಿಸ್ಟ್ರಿಕ್ಟ್ ಜಡ್ಜ್ ಆದಾಗ ಸೆನೆಟ್ಟಿನಲ್ಲಿ 94 ಮತ ಪರವಾಗಿ ಬಿದ್ದವು, ವಿರುದ್ಧ ಒಂದೂ ಇಲ್ಲ. ನುಸ್ರತ್ ಚೌಧರಿ ನಾಗರಿಕ ಹಕ್ಕುಗಳ ವಕೀಲೆ. 2022ರ ಜನವರಿಯಲ್ಲಿ ಅವರ ಹೆಸರು ಬಂತು, ಮತ ಬಿದ್ದಿದ್ದು 2023ರ ಜೂನ್‌ನಲ್ಲಿ. 50ಕ್ಕೆ 49. ಒಂಬತ್ತು ವರ್ಷದಲ್ಲಿ ಕಾಲ ಅಷ್ಟು ಬದಲಾಗಿತ್ತು. ಅಧ್ಯಕ್ಷರು ಬದಲಾದರೆ, ಸೆನೆಟ್ಟಿನ ಅವಧಿ ಮುಗಿದರೆ, ಅರ್ಧ ದಾರಿಯಲ್ಲಿರುವ ಹೆಸರು ಹಾಗೇ ಬಿದ್ದುಹೋಗುತ್ತದೆ. ಅದರಲ್ಲಿ ನಿಮ್ಮ ಯೋಗ್ಯತೆಯ ಪ್ರಶ್ನೆಯೇ ಇರುವುದಿಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಒಳ್ಳೆಯ ವಕೀಲರು ಈ ಕಾಯುವಿಕೆಯಲ್ಲಿ ಕುಗ್ಗಿಹೋಗುವುದು ನೋವಿನ ವಿಷಯ.

ಮ್ಯಾಜಿಸ್ಟ್ರೇಟ್ ಜಡ್ಜ್: ಅರ್ಜಿ ಹಾಕಬಹುದಾದ ಫೆಡರಲ್ ಪೀಠ

ನನ್ನನ್ನು ಕೇಳಿದರೆ ನಮ್ಮ ಮಕ್ಕಳು ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೆ. ಹೊರಗಿನವರಿಗೆ ಇದರ ಪರಿಚಯವೇ ಕಡಿಮೆ. 1968ರ ಕಾನೂನಿನಿಂದ ಬಂದ ಹುದ್ದೆ. ದೇಶದಲ್ಲಿ ಪೂರ್ಣಾವಧಿಯವರು ಐನೂರಕ್ಕೂ ಹೆಚ್ಚು ಮಂದಿ ಇದ್ದಾರೆ.

ದೊಡ್ಡ ವ್ಯತ್ಯಾಸ ಇರುವುದು ಆಯ್ಕೆಯಲ್ಲಿ. ಹುದ್ದೆ ಖಾಲಿಯಾದಾಗ ಕೋರ್ಟು ಪ್ರಕಟಣೆ ಹೊರಡಿಸುತ್ತದೆ. ಐದು ವರ್ಷ ಬಾರ್ ಸದಸ್ಯತ್ವ ಇದ್ದವರು ಅರ್ಜಿ ಹಾಕಬಹುದು. ನಿಜವಾಗಿ ಆಯ್ಕೆಯಾಗುವವರಿಗೆ ಅದಕ್ಕಿಂತ ಜಾಸ್ತಿ ಅನುಭವ ಇರುತ್ತದೆ, ಅದು ಬೇರೆ ಮಾತು. ಸ್ಥಳೀಯ ಸಮಿತಿಯೊಂದು ಸಂದರ್ಶನ ಮಾಡಿ ಕೆಲವು ಹೆಸರು ಕೊಡುತ್ತದೆ. ಆ ಸಮಿತಿಯಲ್ಲಿ ವಕೀಲರಲ್ಲದ ಊರಿನವರೂ ಇರುತ್ತಾರೆ. ಕೊನೆಗೆ ಆ ಡಿಸ್ಟ್ರಿಕ್ಟ್‌ನ ಜಡ್ಜ್‌ಗಳೇ ಬಹುಮತದಿಂದ ಆರಿಸುತ್ತಾರೆ. ಸೆನೆಟರ್ ಇಲ್ಲ, ಪಕ್ಷ ಇಲ್ಲ. ನಿಮ್ಮ ಎದುರು ವಾದ ಮಾಡಿದವರು, ನಿಮ್ಮ ಕಾಗದ ಪತ್ರ ಓದಿದ ಜಡ್ಜ್‌ಗಳು ನಿಮ್ಮ ಬಗ್ಗೆ ಏನು ಹೇಳುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ.

ಅವಧಿ ಎಂಟು ವರ್ಷ, ಮತ್ತೆ ನೇಮಿಸಬಹುದು. ಸಂಬಳ ಡಿಸ್ಟ್ರಿಕ್ಟ್ ಜಡ್ಜ್‌ನ ಸಂಬಳದ ನೂರಕ್ಕೆ 92ರವರೆಗೆ.

ಕೆಲಸವೋ, ಕಾನೂನು ಮತ್ತು ಮನುಷ್ಯ ಮೊದಲು ಮುಖಾಮುಖಿಯಾಗುವ ಜಾಗ. ಸರದಿಯ ಮೇಲೆ ಒಬ್ಬ ಮ್ಯಾಜಿಸ್ಟ್ರೇಟ್ ಜಡ್ಜ್ ಕ್ರಿಮಿನಲ್ ಡ್ಯೂಟಿಯಲ್ಲಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ತನಿಖಾಧಿಕಾರಿ ಫೋನ್ ಮಾಡಿ ಒಂದು ಮನೆಯ ಶೋಧಕ್ಕೆ ವಾರಂಟ್ ಕೇಳಬಹುದು. ಪ್ರಮಾಣಪತ್ರ ಮಿಂಚಂಚೆಯಲ್ಲಿ ಬರುತ್ತದೆ. ಸಾಕಷ್ಟು ಕಾರಣ ಇದೆಯೇ ಅಂತ ಓದಿ, ಫೋನಿನಲ್ಲೇ ಪ್ರಮಾಣ ಮಾಡಿಸಿ, ಸಹಿ ಹಾಕಬೇಕು, ಇಲ್ಲವೇ ಆಗಲ್ಲ ಅನ್ನಬೇಕು. ಮರುದಿನ ಬಂಧಿತ ವ್ಯಕ್ತಿ ಕಾಲಿಗೆ ಸರಪಳಿ ಹಾಕಿಕೊಂಡು ಬರುತ್ತಾನೆ. ನಿಮ್ಮ ಮೇಲೆ ಇರುವ ಆರೋಪ ಇದು, ಸುಮ್ಮನಿರುವ ಹಕ್ಕು ನಿಮಗಿದೆ, ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದಿದ್ದರೆ ಕೋರ್ಟು ನೇಮಿಸುತ್ತದೆ, ಅಂತ ಹೇಳುವವರು ಇವರೇ. ಆಮೇಲೆ ಜಾಮೀನು. 1984ರ ಕಾನೂನಿನ ಪ್ರಕಾರ ನೋಡಬೇಕಾದ್ದು ಎರಡು: ಆತ ಓಡಿಹೋಗುತ್ತಾನಾ, ಹೊರಗೆ ಬಿಟ್ಟರೆ ಬೇರೆಯವರಿಗೆ ಅಪಾಯವಾ. ಹತ್ತು ನಿಮಿಷದ ವಿಚಾರಣೆ ಇರಬಹುದು. ಆದರೆ ಆ ಹತ್ತು ನಿಮಿಷದಲ್ಲಿ ಒಬ್ಬನ ಕೆಲಸ ಉಳಿಯುತ್ತದೋ ಹೋಗುತ್ತದೋ, ಮಕ್ಕಳು ಯಾರ ಮನೆಯಲ್ಲಿ ಮಲಗುತ್ತಾರೋ ನಿರ್ಧಾರವಾಗುತ್ತದೆ. ಇದನ್ನು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಸಿವಿಲ್ ಕೇಸುಗಳಲ್ಲಿ ದಾಖಲೆ ಕೊಡುವ ಬಿಡುವ ಜಗಳಗಳು ಸಾಮಾನ್ಯವಾಗಿ ಇವರ ಮುಂದೆಯೇ ಬರುತ್ತವೆ. ರಾಜಿ ಮಾತುಕತೆಯೂ ಅಷ್ಟೇ. ಒಂದು ಕೋಣೆಯಲ್ಲಿ ಕೆಲಸ ಕಳೆದುಕೊಂಡವರು, ಇನ್ನೊಂದರಲ್ಲಿ ಕಂಪನಿಯವರು, ನಡುವೆ ಓಡಾಡುತ್ತಾ ಇಬ್ಬರನ್ನೂ ನಿಜಾಂಶಕ್ಕೆ ತರುವ ಜಡ್ಜ್. ಎರಡೂ ಕಡೆಯವರು ಒಪ್ಪಿದರೆ ಪೂರ್ತಿ ಸಿವಿಲ್ ಕೇಸನ್ನು, ಜೂರಿ ವಿಚಾರಣೆ ಸಮೇತ, ಇವರೇ ನಡೆಸಿ ತೀರ್ಪು ಕೊಡಬಹುದು. ಉತ್ತರ ಕ್ಯಾಲಿಫೋರ್ನಿಯಾ, ಒರೆಗಾನ್ ಕಡೆ ಸಿವಿಲ್ ಕೇಸುಗಳನ್ನು ಶುರುವಿನಿಂದಲೇ ಇವರಿಗೂ ಹಂಚುವ ಪದ್ಧತಿ ಇದೆ. ಆಗದ ಕೆಲಸ ಒಂದು ಮುಖ್ಯವಾದ್ದು: ಗಂಭೀರ ಅಪರಾಧಕ್ಕೆ ಶಿಕ್ಷೆ ಹೇಳುವ ಅಧಿಕಾರ ಇಲ್ಲ. ಅನೇಕ ವಿಷಯಗಳಲ್ಲಿ ಇವರು ಬರೆಯುವುದು ಶಿಫಾರಸು ಮಾತ್ರ. ಡಿಸ್ಟ್ರಿಕ್ಟ್ ಜಡ್ಜ್ ಅದನ್ನು ಒಪ್ಪಬಹುದು, ಬಿಡಬಹುದು. ತಾನು ಬರೆದದ್ದನ್ನು ಪಕ್ಕದ ಚೇಂಬರಿನವರು ತಿದ್ದಿದರೆ ಸಹಿಸಲಾಗದ ಸ್ವಭಾವ ನಿಮ್ಮದಾದರೆ, ಇದು ನಿಮಗಲ್ಲ.

ಇಲ್ಲಿಂದ ಡಿಸ್ಟ್ರಿಕ್ಟ್ ಜಡ್ಜ್ ಆದವರೂ ಇದ್ದಾರೆ. ಪಿಟ್ಸ್‌ಬರ್ಗ್‌ನ ಕ್ಯಾತಿ ಬಿಸ್ಸೂನ್ 2008ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್, 2011ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್. ನ್ಯೂಜೆರ್ಸಿಯ ಜಾಹಿದ್ ಖುರೇಶಿ 2019ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಆದವರು, 2021ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್. ಬ್ರೂಕ್ಲಿನ್‌ನಲ್ಲಿ 2017ರಲ್ಲಿ ಮ್ಯಾಜಿಸ್ಟ್ರೇಟ್ ಆದ ಸಂಕೇತ್ ಬುಲ್ಸಾರಾ ಕೂಡ ಅದೇ ದಾರಿ ಹಿಡಿದರು. ಆದರೆ ಮೆಟ್ಟಿಲು ಅಂತ ಅಂದುಕೊಂಡು ಹೋಗಬೇಡಿ. ಹೆಚ್ಚಿನವರು ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿಯೇ ಉಳಿಯುತ್ತಾರೆ, ಅದರಲ್ಲಿ ತೃಪ್ತಿಯಾಗಿಯೂ ಇರುತ್ತಾರೆ.

ಬ್ಯಾಂಕ್ರಪ್ಸಿ ಜಡ್ಜ್

ಲೆಕ್ಕ ಓದಲು ಬರುವ, ವ್ಯವಹಾರದ ಕಾನೂನು ಇಷ್ಟವಿರುವ, ಕ್ರಿಮಿನಲ್ ಕೆಲಸ ಬೇಡ ಅನ್ನುವವರಿಗೆ ಇದು ಒಳ್ಳೆಯದು. ಆಯಾ ಪ್ರಾಂತ್ಯದ ಮೇಲ್ಮನವಿ ಕೋರ್ಟು ನೇಮಿಸುತ್ತದೆ, ಅವಧಿ 14 ವರ್ಷ, ಸಂಬಳ ಇಲ್ಲಿಯೂ ನೂರಕ್ಕೆ 92.

ದಿವಾಳಿ ಅಂದ ಕೂಡಲೇ ದೊಡ್ಡ ಕಂಪನಿಗಳು ನೆನಪಾಗುತ್ತವೆ. 2022ರ ನವೆಂಬರಿನಲ್ಲಿ ಕ್ರಿಪ್ಟೋ ಕಂಪನಿ ಎಫ್‌ಟಿಎಕ್ಸ್ ಬಂದು ನಿಂತದ್ದು ಡೆಲವೇರ್‌ನ ಬ್ಯಾಂಕ್ರಪ್ಸಿ ಕೋರ್ಟಿನಲ್ಲಿ. ಆದರೆ ಹೆಚ್ಚಿನ ಊರುಗಳಲ್ಲಿ ಎದುರು ನಿಲ್ಲುವುದು ಆಸ್ಪತ್ರೆ ಬಿಲ್ಲು, ಕ್ರೆಡಿಟ್ ಕಾರ್ಡ್, ಮನೆ ಸಾಲದಲ್ಲಿ ಮುಳುಗಿದ ಸಂಸಾರಗಳು. ದಿವಾಳಿ ಕಾನೂನಿನ ಅಧ್ಯಾಯ 13ರಲ್ಲಿ ಮೂರರಿಂದ ಐದು ವರ್ಷ ಸಂಬಳದಿಂದ ಕಟ್ಟುತ್ತಾ ಮನೆ ಉಳಿಸಿಕೊಳ್ಳಬಹುದು. ಆ ಯೋಜನೆ ನಡೆಯುತ್ತದೆಯೇ ಅಂತ ನೋಡುವವರು ಈ ಜಡ್ಜ್. ವಿಶೇಷ ಏನೆಂದರೆ ಸಾಲಗಾರ ಮೊದಲು ಭೇಟಿಯಾಗುವುದು, ಸಾಲ ಕೊಟ್ಟವರ ಸಭೆಯಲ್ಲಿ, ಕೇಸು ನೋಡಿಕೊಳ್ಳಲು ನೇಮಕವಾದ ಟ್ರಸ್ಟಿಯನ್ನು. ಆ ಸಭೆಗೆ ಜಡ್ಜ್ ಹೋಗಲೇಬಾರದು ಅಂತ ಕಾನೂನಿದೆ. ಹಾಗಾಗಿ ಜನರ ಜೊತೆಗಿನ ನೇರ ಒಡನಾಟ ಮ್ಯಾಜಿಸ್ಟ್ರೇಟ್ ಕೋರ್ಟಿಗಿಂತ ಕಡಿಮೆ, ವಕೀಲರ ಜೊತೆ ವೇಗದ ಕೆಲಸ ಜಾಸ್ತಿ.

ರಾಜ್ಯದ ಟ್ರಯಲ್ ಕೋರ್ಟು: ಜನ ನಿಜವಾಗಿ ಹೋಗುವ ಕೋರ್ಟು

ಅಮೆರಿಕದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಡೆಯುವುದು ರಾಜ್ಯದ ಕೋರ್ಟುಗಳಲ್ಲಿ. ಕೊಲೆ, ಕಳವು, ವಿಚ್ಛೇದನ, ಮಕ್ಕಳ ಪಾಲನೆ, ಬಾಡಿಗೆ ಮನೆ ಖಾಲಿ ಮಾಡಿಸುವುದು, ಉಯಿಲು, ಎಲ್ಲ ಇಲ್ಲಿಯೇ. ಜೂರಿ ವಿಚಾರಣೆ ಕೂಡ ಇಲ್ಲಿ ಹೆಚ್ಚು. ಜಡ್ಜ್ ಆಗಿ ವಿಚಾರಣೆ ನಡೆಸಬೇಕು ಅನ್ನುವುದೇ ನಿಮ್ಮ ಆಸೆಯಾಗಿದ್ದರೆ ಫೆಡರಲ್‌ಗಿಂತ ಇಲ್ಲೇ ಹೆಚ್ಚು ತೃಪ್ತಿ ಸಿಗುತ್ತದೆ.

ದಾರಿ ಮಾತ್ರ ರಾಜ್ಯಕ್ಕೊಂದು ಥರ. ಟೆಕ್ಸಾಸ್‌ನಲ್ಲಿ ಪಕ್ಷದ ಟಿಕೆಟ್ ಮೇಲೆ ಚುನಾವಣೆ, ನಾಲ್ಕು ವರ್ಷ. ಕ್ಯಾಲಿಫೋರ್ನಿಯಾದ ಸುಪೀರಿಯರ್ ಕೋರ್ಟಿಗೆ ಹತ್ತು ವರ್ಷದ ಬಾರ್ ಸದಸ್ಯತ್ವ ಬೇಕು. ಗವರ್ನರ್ ನೇಮಿಸುತ್ತಾರೆ ಅಥವಾ ಪಕ್ಷವಿಲ್ಲದ ಚುನಾವಣೆ, ಆರು ವರ್ಷ. ನ್ಯೂಜೆರ್ಸಿಯಲ್ಲಿ ಗವರ್ನರ್ ನೇಮಕ, ಏಳು ವರ್ಷ ಕಳೆದು ಮರುನೇಮಕವಾದರೆ 70ರವರೆಗೆ ಖಾಯಂ. ವರ್ಜೀನಿಯಾದಲ್ಲಿ ಶಾಸಕರೇ ಆರಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ ಸುಪ್ರೀಂ ಕೋರ್ಟ್ ಅನ್ನುವುದೇ ಟ್ರಯಲ್ ಕೋರ್ಟು, ಅದಕ್ಕೆ ಚುನಾವಣೆ, ಅವಧಿ 14 ವರ್ಷ. ಮನೆ ಕೊಳ್ಳುವ ಮೊದಲು, ವಕೀಲಿಕೆ ಶುರು ಮಾಡುವ ಮೊದಲು ನಿಮ್ಮ ರಾಜ್ಯದ ಪದ್ಧತಿ ತಿಳಿದುಕೊಳ್ಳಿ. ಹತ್ತು ವರ್ಷ ಕಳೆದ ಮೇಲೆ ರಾಜ್ಯ ಬದಲಿಸುವುದು ಅಂದರೆ ಪರಿಚಯಗಳನ್ನು ಮತ್ತೆ ಮೊದಲಿನಿಂದ ಕಟ್ಟುವುದು.

ಭಾರತದಲ್ಲಿ ಎಲ್‌ಎಲ್‌ಬಿ ಮಾಡಿ ಆಮೇಲೆ ಬಂದವರಿಗೆ ಒಂದು ಉದಾಹರಣೆ ಹೇಳಲೇಬೇಕು. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಬೀಡಿ ಕಟ್ಟಿದ ಸುರೇಂದ್ರನ್ ಪಟ್ಟೇಲ್ ಕೇರಳದಲ್ಲಿ ಲಾ ಓದಿ, ಭಾರತದಲ್ಲಿ ವಕೀಲರಾಗಿದ್ದರು. 2007ರಲ್ಲಿ ಅಮೆರಿಕಕ್ಕೆ ಬಂದರು. ಟೆಕ್ಸಾಸ್ ಬಾರ್ ಪರೀಕ್ಷೆ ಪಾಸು ಮಾಡಿದರು, ಹ್ಯೂಸ್ಟನ್‌ನಲ್ಲಿ ಎಲ್‌ಎಲ್‌ಎಂ ಮಾಡಿದರು. 2022ರ ಚುನಾವಣೆಯಲ್ಲಿ ಗೆದ್ದು 2023ರ ಜನವರಿಯಲ್ಲಿ ಫೋರ್ಟ್ ಬೆಂಡ್ ಕೌಂಟಿಯ 240ನೇ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ಆದರು. ಇದು ರಾಜ್ಯದ ಕೋರ್ಟು. ಬಂದ ಹದಿನೈದು ವರ್ಷದಲ್ಲಿ ಫೆಡರಲ್ ನೇಮಕ ಸಿಗುವುದು ಬಹಳ ಕಷ್ಟ, ಚುನಾವಣೆಯಲ್ಲಿ ಆ ಬಾಗಿಲು ತೆರೆಯಿತು. ಚುನಾವಣೆ ಅಂದರೆ ಮುಖ ತಿರುಗಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು. ಆದರೆ ಚುನಾವಣೆಗೆ ದುಡ್ಡು ಎತ್ತಬೇಕು, ಮುಂದೆ ಅದೇ ವಕೀಲರು ನಿಮ್ಮ ಎದುರು ಬಂದು ನಿಲ್ಲುತ್ತಾರೆ. ಈ ಇಕ್ಕಟ್ಟು ನಿಜ. ನನಗೆ ಆ ಪದ್ಧತಿ ಇಷ್ಟವಿಲ್ಲ.

ರಾಜ್ಯದ ಪೀಠದಿಂದ ಫೆಡರಲ್ ಪೀಠಕ್ಕೂ ಹೋಗಬಹುದು. ಮಿಷಿಗನ್‌ನ ಶಾಲಿನಾ ಕುಮಾರ್ 2007ರಿಂದ ಓಕ್‌ಲ್ಯಾಂಡ್ ಕೌಂಟಿಯ ಜಡ್ಜ್ ಆಗಿದ್ದು, 2021ರಲ್ಲಿ ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್ ಆದರು.

ಇಮಿಗ್ರೇಶನ್ ಜಡ್ಜ್ ಬಗ್ಗೆಯೂ ಕೆಲವರು ಕೇಳುತ್ತಾರೆ. ವಲಸೆ ಬಂದ ಮನೆಯ ಮಕ್ಕಳಿಗೆ ಆ ಕೆಲಸ ಮನಸ್ಸಿಗೆ ಹತ್ತಿರ ಅನ್ನಿಸುವುದು ಸಹಜ. ಆದರೆ ಅವರು ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ಮೇಲೆ ಅಟಾರ್ನಿ ಜನರಲ್ ಇರುತ್ತಾರೆ. 2025ರಲ್ಲಿ ಅನೇಕರನ್ನು ಕೆಲಸದಿಂದ ತೆಗೆದರು. ಎದುರು ನಿಂತವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವ ಹಕ್ಕೂ ಇಲ್ಲ. ಸ್ವತಂತ್ರವಾಗಿ ತೀರ್ಪು ಕೊಡಬೇಕು ಅನ್ನುವುದು ನಿಮಗೆ ಮುಖ್ಯವಾದರೆ ಈಗಿನ ಕಾಲದಲ್ಲಿ ನಾನು ಇದನ್ನು ಸೂಚಿಸುವುದಿಲ್ಲ.

ಊರು ಯಾವುದು ಅನ್ನುವುದೂ ಆಯ್ಕೆಯೇ

ಎಲ್ಲ ಫೆಡರಲ್ ಕೋರ್ಟು ಒಂದೇ ಅಂದುಕೊಂಡರೆ ತಪ್ಪು. ಮ್ಯಾನ್‌ಹಟನ್‌ನಲ್ಲಿ ಷೇರು ಮೋಸ, ಬ್ಯಾಂಕುಗಳ ಜಗಳ. ಡೆಲವೇರ್‌ನಲ್ಲಿ ಬೆರಳೆಣಿಕೆಯ ಜಡ್ಜ್‌ಗಳು, ರಾಶಿ ಪೇಟೆಂಟ್ ಕೇಸುಗಳು. ವಿಜ್ಞಾನ ಓದಿ ಲಾಗೆ ಬಂದವರಿಗೆ ಅದು ಹಬ್ಬ. ಟೆಕ್ಸಾಸ್‌ನ ಲರೇಡೋದಂಥ ಗಡಿ ಊರಿನಲ್ಲಿ ಗಡಿ ದಾಟಿದವರ, ಮಾದಕ ವಸ್ತು ಸಾಗಿಸಿದವರ ಕೇಸುಗಳು ದಿನವೂ. ಕೆಲವು ದಿನ ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ಒಂದೇ ಸಲಕ್ಕೆ ಸಾಲುಗಟ್ಟಿ ಜನ ನಿಲ್ಲುತ್ತಾರೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಸರ್ಕಾರದ ವಿರುದ್ಧದ ದಾವೆಗಳು. ಗುಜರಾತಿನ ಪಾಟಣದಲ್ಲಿ ಹುಟ್ಟಿದ ಅಮಿತ್ ಮೆಹ್ತಾ ಅಲ್ಲಿನ ಡಿಸ್ಟ್ರಿಕ್ಟ್ ಜಡ್ಜ್. ಒಂದು ಕಾಲದಲ್ಲಿ ಬಡವರ ಪರ ವಾದಿಸುವ ಪಬ್ಲಿಕ್ ಡಿಫೆಂಡರ್ ಆಗಿದ್ದವರು. ಗೂಗಲ್ ತನ್ನ ಹುಡುಕಾಟದ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಅಂತ 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟವರು ಅವರೇ.

ಇದಕ್ಕೆಲ್ಲ ಬೇರೆಯಾಗಿ ಸೌತ್ ಡಕೋಟಾ, ಮೊಂಟಾನಾ, ಪೂರ್ವ ಒಕ್ಲಹೋಮಾ ಇವೆ. ಮೂಲನಿವಾಸಿಗಳ ನೆಲದಲ್ಲಿ ಅವರು ಆರೋಪಿಗಳೋ ಬಲಿಯಾದವರೋ ಆಗಿರುವ ಗಂಭೀರ ಅಪರಾಧಗಳ ಕೇಸು ಹೆಚ್ಚಾಗಿ ಫೆಡರಲ್ ಕೋರ್ಟಿಗೆ ಬರುತ್ತದೆ. ಕೊಲೆ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ. ಪೂರ್ವ ಒಕ್ಲಹೋಮಾದ ದೊಡ್ಡ ಭಾಗ ಇನ್ನೂ ಮೂಲನಿವಾಸಿಗಳ ನೆಲವೇ ಅಂತ ಸುಪ್ರೀಂ ಕೋರ್ಟು ಹೇಳಿದ 2020ರ ಮೆಗರ್ಟ್ ತೀರ್ಪಿನ ನಂತರ ಅಲ್ಲಿ ಅಂಥ ಕೇಸುಗಳು ಒಮ್ಮೆಲೇ ಏರಿದವು. ಜಡ್ಜ್ ಆದವರು ಆ ಡಿಸ್ಟ್ರಿಕ್ಟ್‌ನಲ್ಲೇ ವಾಸ ಮಾಡಬೇಕು, ವರ್ಗಾವಣೆ ಇಲ್ಲ ಅಂದೆನಲ್ಲ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಯಾವ ಬಗೆಯ ನೋವನ್ನು ದಿನವೂ ಕೇಳಲು ನಿಮಗೆ ಶಕ್ತಿ ಇದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದುಡ್ಡು, ಮನೆ, ಭದ್ರತೆ

2025ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಸಂಬಳ ವರ್ಷಕ್ಕೆ 2,47,400 ಡಾಲರ್. ನ್ಯೂಯಾರ್ಕ್‌ನ ದೊಡ್ಡ ಲಾ ಫರ್ಮಿನಲ್ಲಿ ಆಗಷ್ಟೇ ಕಾಲೇಜು ಮುಗಿಸಿ ಬಂದವರ ಮೂಲ ಸಂಬಳವೇ 2,25,000. ಹದಿನೈದು ವರ್ಷದ ಅನುಭವಿ ವಕೀಲರು ಪೀಠಕ್ಕೆ ಬಂದರೆ ಸಂಬಳದಲ್ಲಿ ದೊಡ್ಡ ಕಡಿತ. ಮನೆ ಸಾಲ, ಮಕ್ಕಳ ಕಾಲೇಜು, ಊರಲ್ಲಿ ಅಪ್ಪ ಅಮ್ಮನಿಗೆ ಕಳಿಸುವುದು, ಎಲ್ಲ ಕೂಡಿಸಿ ಮೊದಲೇ ಮನೆಯವರ ಜೊತೆ ಮಾತಾಡಿ. ಸರ್ಕಾರಿ ವಕೀಲರಾಗಿ ಇದ್ದವರಿಗೆ ಮಾತ್ರ ಇದು ಏರಿಕೆಯೇ.

ಇಳಿವಯಸ್ಸಿನ ಭದ್ರತೆ ಮಾತ್ರ ಬಹಳ ಚೆನ್ನಾಗಿದೆ. 65 ವರ್ಷ ವಯಸ್ಸು, 15 ವರ್ಷ ಸೇವೆ, ಎರಡೂ ಕೂಡಿ 80 ಆದರೆ ಡಿಸ್ಟ್ರಿಕ್ಟ್ ಜಡ್ಜ್ ಪೂರ್ತಿ ಸಂಬಳದೊಂದಿಗೆ ನಿವೃತ್ತರಾಗಬಹುದು, ಅಥವಾ ಹಿರಿಯ ಜಡ್ಜ್ ಆಗಿ ಕಡಿಮೆ ಕೇಸು ಇಟ್ಟುಕೊಂಡು ಮುಂದುವರಿಯಬಹುದು. ಮ್ಯಾಜಿಸ್ಟ್ರೇಟ್ ಮತ್ತು ಬ್ಯಾಂಕ್ರಪ್ಸಿ ಜಡ್ಜ್‌ಗಳಿಗೆ 14 ವರ್ಷ ಸೇವೆಯಾಗಿ 65 ತುಂಬಿದರೆ ಪೂರ್ತಿ ಸಂಬಳ.

ಷೇರು ಇಟ್ಟುಕೊಂಡಿದ್ದರೆ ಎಚ್ಚರ. ಒಂದು ಕಂಪನಿಯ ಒಂದೇ ಷೇರು ಇದ್ದರೂ, ಅದು ಹೆಂಡತಿ ಅಥವಾ ಗಂಡನ ಹೆಸರಿನಲ್ಲಿದ್ದರೂ, ಆ ಕಂಪನಿಯ ಕೇಸಿನಿಂದ ಹಿಂದೆ ಸರಿಯಬೇಕು. ಆಸ್ತಿ ವಿವರ ವರ್ಷವೂ ಕೊಡಬೇಕು, ಅದು ಸಾರ್ವಜನಿಕ. ಗಂಡನೋ ಹೆಂಡತಿಯೋ ಟೆಕ್ ಕಂಪನಿಯಲ್ಲಿದ್ದು ಸಂಬಳದ ಭಾಗವಾಗಿ ಷೇರು ಬರುವ ನಮ್ಮ ಮನೆಗಳಲ್ಲಿ ಇದು ಮೊದಲೇ ಕೂತು ಮಾತಾಡಬೇಕಾದ ವಿಷಯ.

ಇನ್ನೊಂದು ವಿಷಯ ಹೇಳಲು ಸಂಕಟವಾಗುತ್ತದೆ. 2020ರ ಜುಲೈನಲ್ಲಿ ನ್ಯೂಜೆರ್ಸಿಯ ಫೆಡರಲ್ ಜಡ್ಜ್ ಎಸ್ತರ್ ಸಲಾಸ್ ಅವರ ಮನೆಗೆ ಡೆಲಿವರಿಯವನ ವೇಷದಲ್ಲಿ ಬಂದವನೊಬ್ಬ ಗುಂಡು ಹಾರಿಸಿ ಅವರ 20 ವರ್ಷದ ಮಗ ಡೇನಿಯಲ್‌ನನ್ನು ಕೊಂದ. ಗಂಡನಿಗೆ ತೀವ್ರ ಗಾಯಗಳಾದವು. ಬಂದವನು ಅವರ ಕೋರ್ಟಿನಲ್ಲಿ ಕೇಸು ನಡೆಸಿದ್ದ ವಕೀಲ. ಆ ಹುಡುಗನ ಹೆಸರಿನಲ್ಲೇ 2022ರಲ್ಲಿ ಜಡ್ಜ್‌ಗಳ ಮನೆ ವಿಳಾಸ ಮುಚ್ಚಿಡುವ ಕಾನೂನು ಬಂತು. ಬೆದರಿಕೆ ಈ ಕೆಲಸದ ಭಾಗವಾಗಿದೆ. ಅದನ್ನು ಮನೆಯವರಿಂದ ಮುಚ್ಚಿಟ್ಟು ಅರ್ಜಿ ಹಾಕಬಾರದು.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ಕೂತು ದೊಡ್ಡ ತೀರ್ಮಾನ ತೆಗೆದುಕೊಳ್ಳುವ ಗಟ್ಟಿತನ ಇದ್ದು, ಸಿಗದೇ ಹೋದರೂ ನಿಮ್ಮ ವಕೀಲಿಕೆಯಲ್ಲೇ ಸಂತೋಷವಾಗಿರಬಲ್ಲಿರಿ ಅನ್ನುವುದಾದರೆ ಡಿಸ್ಟ್ರಿಕ್ಟ್ ಜಡ್ಜ್ ಹುದ್ದೆಗೆ ಕೈ ಹಾಕಿ. ಜನರ ಜೊತೆ, ವಕೀಲರ ಜೊತೆ ದಿನವೂ ಒಡನಾಡುವುದು ಇಷ್ಟ, ಪಕ್ಷ ರಾಜಕೀಯ ಬೇಡ ಅನ್ನುವವರಿಗೆ ಮ್ಯಾಜಿಸ್ಟ್ರೇಟ್. ನಿಮ್ಮ ಊರಿನ ಸಂಸಾರಗಳ, ಮಕ್ಕಳ ವಿಷಯ ಮುಖ್ಯ ಅನ್ನಿಸಿದರೆ ರಾಜ್ಯದ ಕೋರ್ಟು. ಓದು, ಬರಹ, ಕಾನೂನಿನ ತತ್ವ ಅಷ್ಟೇ ಸಾಕು ಅನ್ನುವವರಿಗೆ ಟ್ರಯಲ್ ಕೋರ್ಟಿಗಿಂತ ಮೇಲ್ಮನವಿ ಕೋರ್ಟು ಹೊಂದುತ್ತದೆ.

ಯಾವುದನ್ನೇ ಆರಿಸಿದರೂ ಈಗ ಮಾಡಬೇಕಾದ್ದು ಹೆಚ್ಚು ಕಡಿಮೆ ಒಂದೇ. ಲಾ ಸ್ಕೂಲಿನಲ್ಲಿದ್ದರೆ ಟ್ರಯಲ್ ಜಡ್ಜ್ ಬಳಿ ಒಂದೆರಡು ವರ್ಷದ ಕ್ಲರ್ಕ್‌ಶಿಪ್‌ಗೆ ಅರ್ಜಿ ಹಾಕಿ, ಮ್ಯಾಜಿಸ್ಟ್ರೇಟ್ ಚೇಂಬರನ್ನು ಬಿಡಬೇಡಿ. ವೀಸಾ ಮೇಲಿರುವವರಿಗೆ ಸಂಬಳದ ಫೆಡರಲ್ ಕ್ಲರ್ಕ್‌ಶಿಪ್ ಸಿಗುವುದು ಬಹಳ ಕಷ್ಟ, ನಿಯಮವನ್ನು ಮೊದಲೇ ಓದಿ. ವಕೀಲರಾದ ಮೇಲೆ ಕೋರ್ಟಿನಲ್ಲಿ ನಿಂತು ಮಾತಾಡುವ ಕೆಲಸ ಹುಡುಕಿ. ದೊಡ್ಡ ಫರ್ಮಿನಲ್ಲಿ ಎಂಟು ವರ್ಷ ಇದ್ದೂ ಒಬ್ಬ ಸಾಕ್ಷಿಯನ್ನೂ ಪಾಟೀಸವಾಲು ಮಾಡದವರಿದ್ದಾರೆ. ಪ್ರಾಸಿಕ್ಯೂಟರ್ ಕಚೇರಿಯಲ್ಲಿ, ಪಬ್ಲಿಕ್ ಡಿಫೆಂಡರ್ ಕಚೇರಿಯಲ್ಲಿ ಆ ಅವಕಾಶ ಬೇಗ ಸಿಗುತ್ತದೆ. ಷಿಕಾಗೋದ ಮನೀಶ್ ಶಾ ಫೆಡರಲ್ ಪ್ರಾಸಿಕ್ಯೂಟರ್ ಆಗಿದ್ದು 2014ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಆದವರು. ಫರ್ಮಿನಿಂದ ಬಂದವರೂ ಇದ್ದಾರೆ, 2023ರಲ್ಲಿ ಮ್ಯಾನ್‌ಹಟನ್ ಪೀಠಕ್ಕೆ ಬಂದ ಅರುಣ್ ಸುಬ್ರಮಣಿಯನ್ ಹಾಗೆ. ಆದರೆ ಅವರು ವ್ಯಾಜ್ಯಗಳನ್ನೇ ನಡೆಸಿದ ವಕೀಲರು.

ಎದುರಾಳಿ ವಕೀಲರ ಜೊತೆ ಸಭ್ಯವಾಗಿರಿ. ಸಂದರ್ಶನದ ಮೊದಲು ಸಮಿತಿಯವರು ಫೋನ್ ಮಾಡುವುದು ಅವರಿಗೇ.

ತೀರ್ಮಾನಿಸುವ ಮೊದಲು ನಿಮ್ಮೂರಿನ ಫೆಡರಲ್ ಕೋರ್ಟಿಗೆ ಹೋಗಿ ಕೂತು ನೋಡಿ. ವಿಚಾರಣೆಗಳು ಸಾರ್ವಜನಿಕ, ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬಹುದು. ಫೋನ್ ಬಾಗಿಲಲ್ಲೇ ಕೊಡಬೇಕಾಗಬಹುದು. ಒಂದು ಮಧ್ಯಾಹ್ನ ಮ್ಯಾಜಿಸ್ಟ್ರೇಟ್ ಡ್ಯೂಟಿಯ ಕೋರ್ಟಿನಲ್ಲಿ ಕೂರಿ, ಇನ್ನೊಂದು ದಿನ ಶಿಕ್ಷೆ ಹೇಳುವಾಗ ಕೂರಿ, ಮೂರನೆಯ ದಿನ ಕೌಂಟಿಯ ಫ್ಯಾಮಿಲಿ ಕೋರ್ಟಿಗೆ ಹೋಗಿ. ಮ್ಯಾಜಿಸ್ಟ್ರೇಟ್ ಮತ್ತು ಬ್ಯಾಂಕ್ರಪ್ಸಿ ಹುದ್ದೆಗಳ ಪ್ರಕಟಣೆ ಆಯಾ ಕೋರ್ಟುಗಳ ಜಾಲತಾಣದಲ್ಲಿ ಬರುತ್ತದೆ, ಅರ್ಜಿಗೆ ಸಿಗುವ ಸಮಯ ಕೆಲವೇ ವಾರ. ಹಾಗಾಗಿ ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಯಾರ ಎಂಟು ವರ್ಷದ ಅವಧಿ ಯಾವಾಗ ಮುಗಿಯುತ್ತದೆ, ಯಾರು 65 ದಾಟಿದ್ದಾರೆ ಅನ್ನುವುದನ್ನು ಈಗಲೇ ಬರೆದಿಟ್ಟುಕೊಳ್ಳಿ.